ಮಗುವಿಗೆ ಹೆಸರಿಡುವ ಮುನ್ನ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ "ಮಕ್ಕಳಲ್ಲಿ ಶಿಸ್ತು" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ತಿಳಿಸಿದ್ದರು. ಅವರ ಅಪ್ಪಣೆ ಪಡೆದು ನಾನು ವಿಷಯವನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. ಎಷ್ಟು ಹೇಳಿದರೂ ಕೇಳದ ಮಕ್ಕಳು, ಯಾರೊಂದಿಗೂ ಬೆರೆಯದ ಮಕ್ಕಳು, ಒಂದು ನಿಮಿಷ ಕೂತಲ್ಲಿ ಕೂರದ ಮಕ್ಕಳು ನಮ್ಮ ಪ್ರತಿಯೊಂದು ತರಗತಿಯಲ್ಲೂ ಇದ್ದಾರೆ. ಇಂಥ ಮಗುವನ್ನು ತಜ್ಞರಿಗೆ ತೋರಿಸಬೇಕೆ, ಯಾವಾಗ ತೋರಿಸಬೇಕು, ಎಲ್ಲಿ ತೋರಿಸಬೇಕು ಎಂಬುದೇ ಇವತ್ತಿನ ನನ್ನ ಮಾತು. ನಾನು ವೈದ್ಯೆಯಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಿಕ್ಷಕಿ. ಆದರೆ ಈ ವಿಷಯದಲ್ಲಿ ಎರಡು ಸಲ ತಪ್ಪು ಮಾಡಿದವಳು. ಆ ಎರಡು ತಪ್ಪುಗಳನ್ನು ನಿಮ್ಮ ಮುಂದೆ ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಾಠ ಮಾಡುವಾಗ ಕಿಟಕಿಯ ಹೊರಗೆ ನೋಡುತ್ತಿದ್ದ. ಕರೆದರೆ ಮೂರನೆಯ ಸಲಕ್ಕೆ ತಿರುಗುತ್ತಿದ್ದ. ಪಕ್ಕದವರ ಪೆನ್ಸಿಲ್ ಕಸಿಯುತ್ತಿದ್ದ. ಬಾಯಿಪಾಠ ಚೆನ್ನಾಗಿ ಹೇಳುತ್ತಿದ್ದವನು ಪುಸ್ತಕ ಕೊಟ್ಟು ಓದು ಎಂದರೆ ಎರಡು ಅಕ್ಷರ ಓದಲು ಒದ್ದಾಡುತ್ತಿದ್ದ. ನಾನು ಅವನನ್ನು ಎಷ್ಟೋ ದಿನ ತರಗತಿಯ ಹೊರಗೆ ನಿಲ್ಲಿಸಿದೆ. ಅಡಿಪಟ್ಟಿಯಿಂದ ಹೊಡೆದದ್ದೂ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ ಎಂದು ಆಗಲೂ ನನಗೆ ಗೊತ್ತಿತ್ತು. ವರ್ಷದ ಕೊನೆಯಲ್ಲಿ ಅವನ ಪ್ರಗತಿ ಪತ್ರದಲ್ಲಿ "ಓದಿನಲ್ಲಿ ಆಸಕ್ತಿ ಇಲ್ಲ, ಶಿಸ್ತು ಇಲ್ಲ, ಪಾಲಕರು ಗಮನಿಸಬೇಕು" ಎಂದು ಬರೆದೆ. ಅವನ ಅಬ್ಬಾ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಅವರಿಗೆ ಓದಲು ಬರುತ್ತಿರಲಿಲ್ಲ. ಇನ್ನೊಬ್ಬರಿಂದ ಓದಿಸಿಕೊಂಡು, ತಮಗೆ ತಿಳಿದ ರೀತಿಯಲ್ಲಿ "ಗಮನಿಸಿದರು". ಮರುದಿನ ಹುಡುಗನ ಬೆನ್ನಿನ ಮೇಲೆ ಬಾಸುಂಡೆಗಳಿದ್ದವು.

ಆರನೆಯ ತರಗತಿಯಲ್ಲಿ ಅವನು ಶಾಲೆ ಬಿಟ್ಟ. ಈಗ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಹೋದ ವರ್ಷ ನನ್ನ ಸ್ಕೂಟಿ ಪಂಕ್ಚರ್ ಆದಾಗ ಅಲ್ಲಿಗೆ ಹೋಗಿದ್ದೆ. ಗುರುತು ಹಿಡಿದು ಸಲಾಂ ಹೇಳಿದ, ದುಡ್ಡು ತೆಗೆದುಕೊಳ್ಳಲಿಲ್ಲ. "ಟೀಚರ್, ನನಗೆ ಅಕ್ಷರ ನೋಡಿದರೆ ಈಗಲೂ ಕಣ್ಣು ಕಟ್ಟಿದ ಹಾಗಾಗುತ್ತದೆ" ಎಂದು ನಗುತ್ತಲೇ ಹೇಳಿದ. ಅವನಿಗೆ ಕಲಿಕಾ ನ್ಯೂನತೆ ಇತ್ತೋ, ದೃಷ್ಟಿದೋಷ ಇತ್ತೋ, ಕಿವಿಯ ತೊಂದರೆ ಇತ್ತೋ ನಾನು ಇವತ್ತು ಹೇಳಲಾರೆ. ಯಾರೂ ನೋಡಲಿಲ್ಲ. ನೋಡಿಸಿ ಎಂದು ನಾನೂ ಹೇಳಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ಎರಡನೆಯದು ನನ್ನ ಮನೆಯಲ್ಲೇ ಆಯಿತು. ನನ್ನ ಮಗ ಸಮಯಕ್ಕೆ ಸರಿಯಾಗಿ ನಡೆದ, ಸ್ವಲ್ಪ ತಡವಾಗಿ ಮಾತಾಡಿದ. ನಾಲ್ಕು ವರ್ಷಕ್ಕೆ ಬಾಗಿಲ ಬಳಿಯ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಯಾರಾದರೂ ಒಂದನ್ನು ಮೆಟ್ಟಿಕೊಂಡು ಹೋದರೆ ಅರ್ಧ ಗಂಟೆ ಅಳುತ್ತಿದ್ದ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದ. ಮದುವೆಗೆ ಕರೆದುಕೊಂಡು ಹೋದರೆ ಅಲ್ಲಿಯ ಗದ್ದಲಕ್ಕೆ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ. ಬಸ್ಸುಗಳೆಂದರೆ ಪ್ರಾಣ. ಗದಗ, ಲಕ್ಷ್ಮೇಶ್ವರ, ಸವಣೂರು ಎಂದು ಬೋರ್ಡುಗಳನ್ನು ನೋಡಿ ನೋಡಿಯೇ ಕನ್ನಡ ಓದಲು ಕಲಿತ. ಆದರೆ ಪಕ್ಕದ ಮನೆಯ ಹುಡುಗ ಆಡಲು ಕರೆದರೆ ಅವನ ಮುಖವನ್ನೂ ನೋಡುತ್ತಿರಲಿಲ್ಲ.

ಇವನ್ನೆಲ್ಲ ನಾನು ಕಂಡಿದ್ದೆ. ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಇಂಥ ಮಕ್ಕಳ ಬಗ್ಗೆ ಉತ್ತರ ಬರೆದು ಅಂಕ ಪಡೆದವಳು ನಾನು. ಆದರೂ ಒಂದೂವರೆ ವರ್ಷ ಸುಮ್ಮನಿದ್ದೆ. ಏಕೆ ಗೊತ್ತೇ? ಆಸ್ಪತ್ರೆಗೆ ಹೋದರೆ ನನ್ನ ಮಗನಿಗೆ ಒಂದು ಹೆಸರು ಅಂಟಿಕೊಳ್ಳುತ್ತದೆ, ಅದು ಜೀವನಪೂರ್ತಿ ಬಿಡುವುದಿಲ್ಲ ಎಂಬ ಹೆದರಿಕೆ. ಒಂದು ರಾತ್ರಿ ಹಾಸಿಗೆಯಲ್ಲಿ ಅವನೇ ಕೇಳಿದ: "ಅಮ್ಮಿ, ಶೈತಾನ್ ಅಂದರೆ ನನ್ನ ಹೆಸರಾ?" ಶಾಲೆಯಲ್ಲಿ, ಓಣಿಯಲ್ಲಿ, ನೆಂಟರ ಮನೆಯಲ್ಲಿ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ನಾನೂ ಕರೆದಿದ್ದೆ.

ಆ ರಾತ್ರಿ ನನಗೆ ಅರ್ಥವಾದದ್ದನ್ನೇ ನಿಮಗೆ ಹೇಳಲು ಬಂದಿದ್ದೇನೆ. ವೈದ್ಯರು ಮಗುವಿಗೆ ಹೆಸರಿಡುತ್ತಾರೆ ಎಂದು ನಾವು ಹೆದರುತ್ತೇವೆ. ಆದರೆ ಶೈತಾನ್, ಪಾಗಲ್, ದಡ್ಡ, ಹಠಮಾರಿ, ಮೂಗ ಎಂಬ ಹೆಸರುಗಳನ್ನು ನಾವು ಆಗಲೇ ಇಟ್ಟಾಗಿರುತ್ತದೆ. ಈ ಹೆಸರುಗಳಿಂದ ಮಗುವಿಗೆ ಯಾವ ಸಹಾಯವೂ ಸಿಗುವುದಿಲ್ಲ. ತಜ್ಞರು ಕೊಡುವ ಹೆಸರಿನ ಹಿಂದೆ ಏನು ಮಾಡಬೇಕು ಎಂಬ ದಾರಿಯಾದರೂ ಇರುತ್ತದೆ.

ಈಗ ತಪಾಸಣೆ ಎಂದರೇನು ಎಂದು ನೋಡೋಣ. ನಮಗೆ ಶಿಕ್ಷಕರಿಗೆ ಮೌಲ್ಯಮಾಪನ ಎಂದರೆ ಉತ್ತರ ಪತ್ರಿಕೆ ತಿದ್ದುವುದು. ಇಲ್ಲಿ ಅಂಥ ಪಾಸು-ಫೇಲು ಇಲ್ಲ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸೈಮನ್ ಎಂಬವರು ಮೊದಲ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದು, ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಗುರುತಿಸುವುದಕ್ಕೆ. ಅದನ್ನು ನಮ್ಮ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ 1930ರ ದಶಕದಲ್ಲಿ ಮಾರ್ಪಡಿಸಿದವರು ವಿ. ವಿ. ಕಾಮತ್ ಅವರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರನ್ನು ನಮ್ಮ ಆಸ್ಪತ್ರೆಗಳಲ್ಲಿ ನೀವು ಈಗಲೂ ಕೇಳಬಹುದು. ಅಂದರೆ ಇದು ನಿನ್ನೆ ಮೊನ್ನೆ ಬಂದ ಶೋಕಿಯೂ ಅಲ್ಲ, ಪರದೇಶದ ಕಾಯಿಲೆಯೂ ಅಲ್ಲ.

ಮೊದಲು ಮಕ್ಕಳ ವೈದ್ಯರು ನೋಡುತ್ತಾರೆ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಕರೆದರೆ ತಿರುಗದ ಮಗುವಿಗೆ ಕೆಲವೊಮ್ಮೆ ಕಿವಿಯೇ ಮಂದವಾಗಿರುತ್ತದೆ. ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯದಲ್ಲಿ ನೋಟ ನೆಟ್ಟು ನಿಂತುಬಿಡುವ ಮಗುವಿಗೆ ಒಂದು ಬಗೆಯ ಮೂರ್ಛೆ ರೋಗ ಇರಬಹುದು. ರಾತ್ರಿ ಬಾಯಿಯಿಂದ ಉಸಿರಾಡಿ ಗೊರಕೆ ಹೊಡೆದು ನಿದ್ರೆ ಕೆಟ್ಟ ಮಗು ಹಗಲು ಚಡಪಡಿಸಬಹುದು. ರಕ್ತಹೀನತೆಯೂ ಮಗುವಿನ ಗಮನವನ್ನು ಕೆಡಿಸುತ್ತದೆ. ಇವೆಲ್ಲ ಇಲ್ಲವೆಂದು ಖಚಿತಪಡಿಸಿಕೊಂಡು ಮುಂದೆ ಹೋಗುತ್ತಾರೆ.

ಆಮೇಲೆ ಮನೋವೈದ್ಯರು, ಮನಃಶಾಸ್ತ್ರಜ್ಞರು, ವಾಕ್ ತಜ್ಞರು ಸರದಿಯಂತೆ ನೋಡುತ್ತಾರೆ. ಹೆರಿಗೆ ಹೇಗಾಯಿತು, ಹುಟ್ಟಿದ ಕೂಡಲೇ ಅತ್ತಿತೇ, ಯಾವಾಗ ಕೂತಿತು, ಯಾವಾಗ ಮೊದಲ ಮಾತು ಆಡಿತು ಎಂದು ಕೇಳುತ್ತಾರೆ. ಆಟಿಕೆ ಕೊಟ್ಟು ಮಗು ಹೇಗೆ ಆಡುತ್ತದೆ ಎಂದು ಗಮನಿಸುತ್ತಾರೆ. ಚಿತ್ರ, ಮಣಿ, ಪ್ರಶ್ನೆಗಳ ಮೂಲಕ ಬುದ್ಧಿಶಕ್ತಿ ಅಳೆಯುತ್ತಾರೆ. ಶಾಲೆಯಿಂದ ವರದಿ ಕೇಳುತ್ತಾರೆ. ಆಟಿಸಂ ಆಗಲಿ, ಎ.ಡಿ.ಎಚ್.ಡಿ. ಎಂದು ಕರೆಯುವ ಅತಿಚಟುವಟಿಕೆ ಮತ್ತು ಗಮನದ ಕೊರತೆಯಾಗಲಿ ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಿಂಗಿನಲ್ಲೋ ಕಾಣುವಂಥದ್ದಲ್ಲ. ಆದ್ದರಿಂದ ಒಂದೇ ದಿನದಲ್ಲಿ ಉತ್ತರ ಸಿಗುವುದಿಲ್ಲ, ಮೂರು ನಾಲ್ಕು ಸಲ ಓಡಾಡಬೇಕಾಗುತ್ತದೆ. ನಾವು ಮೊದಲ ಭೇಟಿಯಲ್ಲಿ ಬೇಸರಪಟ್ಟು ಬಿಟ್ಟುಬಿಟ್ಟರೆ ಅದು ವೈದ್ಯರ ತಪ್ಪಲ್ಲ.

ಯಾವಾಗ ಹೋಗಬೇಕು? ತಾಯಂದಿರು ದಯವಿಟ್ಟು ನೆನಪಿಡಿ. ವರ್ಷ ತುಂಬಿದರೂ ಮಗು ತೊದಲದಿದ್ದರೆ, ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು ಇಲ್ಲದಿದ್ದರೆ. 16 ತಿಂಗಳಿಗೆ ಒಂದು ಮಾತೂ ಬರದಿದ್ದರೆ. ಎರಡು ವರ್ಷಕ್ಕೆ "ಅಮ್ಮಿ ಪಾನಿ" ಎಂಬಂತೆ ಎರಡು ಪದ ಕೂಡಿಸದಿದ್ದರೆ. ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಕಾಯಬೇಡಿ. ದೊಡ್ಡ ಮಕ್ಕಳಲ್ಲಿ ಚಂಚಲತೆ, ಸಿಟ್ಟು, ಹೊಡೆದಾಟ, ಯಾರೊಂದಿಗೂ ಸೇರದಿರುವುದು ಆರು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ, ಮನೆ ಮತ್ತು ಶಾಲೆ ಎರಡೂ ಕಡೆ ಇದ್ದರೆ, ಅದರಿಂದ ಓದಿಗೂ ಗೆಳೆತನಕ್ಕೂ ಅಡ್ಡಿಯಾಗುತ್ತಿದ್ದರೆ ತೋರಿಸಲೇಬೇಕು. ಅಕ್ಷರ ಮತ್ತು ಲೆಕ್ಕದ ಕಲಿಕಾ ನ್ಯೂನತೆಯನ್ನು ಸಾಮಾನ್ಯವಾಗಿ ಏಳೆಂಟು ವರ್ಷದ ನಂತರವೇ ಖಚಿತವಾಗಿ ಹೇಳುತ್ತಾರೆ. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ತೊಂದರೆ ಕಾಣುತ್ತಿದ್ದರೆ, ಅಲ್ಲಿ ಮಗುವನ್ನು ಹೆದರಿಸುವಂಥದ್ದು ಏನಾದರೂ ನಡೆಯುತ್ತಿದೆಯೇ ಎಂದೂ ವಿಚಾರಿಸಬೇಕು.

ಹೆಣ್ಣುಮಕ್ಕಳ ಬಗ್ಗೆ ವಿಶೇಷವಾಗಿ ಒಂದು ಮಾತು. ಗದ್ದಲ ಮಾಡುವ ಹುಡುಗನನ್ನು ಎಲ್ಲರೂ ಗಮನಿಸುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯನ್ನು "ಎಷ್ಟು ಶಾಂತ, ಎಷ್ಟು ಸಂಭಾವಿತೆ" ಎಂದು ಹೊಗಳಿಬಿಡುತ್ತೇವೆ. ಅವಳಿಗೆ ಒಬ್ಬ ಗೆಳತಿಯೂ ಇಲ್ಲ, ಬಿಡುವಿನ ವೇಳೆಯಲ್ಲಿ ಅವಳು ಗೋಡೆಗೆ ಒರಗಿ ನಿಂತಿರುತ್ತಾಳೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಟಿಸಂ ಮತ್ತು ಗಮನದ ಕೊರತೆ ಹೆಣ್ಣುಮಕ್ಕಳಲ್ಲಿ ತಡವಾಗಿ ಗುರುತಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಮನೆಗಳಲ್ಲಿ ಏಳುವ ಆಕ್ಷೇಪಣೆಗಳು. ಇವುಗಳಲ್ಲಿ ಹೆಚ್ಚಿನವನ್ನು ನಾನೇ ಹೇಳಿದ್ದೇನೆ.

"ಇನ್ನೂ ಚಿಕ್ಕವನು, ದೊಡ್ಡವನಾದ ಮೇಲೆ ಸರಿಹೋಗುತ್ತಾನೆ. ಅವರ ಅಬ್ಬಾನೂ ಹೀಗೇ ಇದ್ದರು." ಹಲವು ಮಕ್ಕಳು ಸರಿಹೋಗಬಹುದು. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದಕ್ಕೆ ಸಹಾಯ ಬೇಕು ಎಂದು ತಿಳಿಯುವುದಕ್ಕೇ ತಪಾಸಣೆ. ಮೊದಲ ಐದಾರು ವರ್ಷಗಳಲ್ಲಿ ಮಿದುಳು ವೇಗವಾಗಿ ಬೆಳೆಯುತ್ತಿರುವಾಗ ಕೊಟ್ಟ ತರಬೇತಿ ಹೆಚ್ಚು ಫಲ ಕೊಡುತ್ತದೆ. ತೋರಿಸಿದ ಮೇಲೆ ಏನೂ ಇಲ್ಲವೆಂದರೆ ಎರಡು ದಿನ ಹೋಯಿತು ಅಷ್ಟೇ. ತೋರಿಸದೆ ಇದ್ದು ಏನೋ ಇತ್ತೆಂದರೆ ಹೋದ ವರ್ಷಗಳು ಮರಳುವುದಿಲ್ಲ.

"ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಮದ್ರಸಾದಲ್ಲಿ ಅರಬ್ಬಿ, ಶಾಲೆಯಲ್ಲಿ ಇಂಗ್ಲಿಷ್. ಮಗು ಗೊಂದಲಕ್ಕೆ ಬಿದ್ದಿದೆ." ಭಾಷಾ ಶಿಕ್ಷಕಿಯಾಗಿ ಇದಕ್ಕೆ ನಾನು ಸ್ಪಷ್ಟವಾಗಿ ಉತ್ತರಿಸಬಲ್ಲೆ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಕಲಿಕಾ ನ್ಯೂನತೆಯೂ ಬರುವುದಿಲ್ಲ. ತೊಂದರೆ ಇರುವ ಮಗುವಿಗೆ ಅದು ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಮನೆಮಾತನ್ನು ಬಿಟ್ಟು ಬರೀ ಇಂಗ್ಲಿಷಿನಲ್ಲಿ ಮಾತಾಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ತಪಾಸಣೆಯ ದಿನ ಒಂದು ಎಚ್ಚರಿಕೆ ಬೇಕು. ನಮ್ಮ ಮನೆಯ ಉರ್ದು ಪುಸ್ತಕದ ಉರ್ದು ಅಲ್ಲ. ನಮ್ಮ ಮಗುವಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಕೇಳಿದರೆ, ಪ್ರಶ್ನೆ ತಿಳಿಯದೆ ಸುಮ್ಮನಿದ್ದದ್ದನ್ನು ಬುದ್ಧಿ ಕಡಿಮೆ ಎಂದು ತಿಳಿಯುವ ಅಪಾಯವಿದೆ. ಆದ್ದರಿಂದ ಮಗುವಿಗೆ ಯಾವ ಭಾಷೆ ಚೆನ್ನಾಗಿ ಬರುತ್ತದೆ ಎಂಬುದನ್ನು ಮೊದಲೇ ಹೇಳಿ. ಕಳೆದ ವರ್ಷ ನಮ್ಮ ಶಾಲೆಯ ಒಂದು ಹುಡುಗಿಯ ಜೊತೆ ನಾನೇ ಹೋಗಿದ್ದೆ. ಪರೀಕ್ಷೆ ಮಾಡುವವರು ಅವಳನ್ನು ನಮ್ಮ ಮನೆಮಾತಿನಲ್ಲಿ ಕೇಳಿಸಿದಾಗ, ಮೊದಲು ಬಾಯಿ ಬಿಡದವಳು ಸರಸರನೆ ಉತ್ತರ ಹೇಳಿದಳು.

"ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮಗುವನ್ನು ಸರಿಯಾಗಿ ಬೆಳೆಸಲಿಲ್ಲ." ಈ ಮಾತು ನನಗೂ ಬಂದಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಮೊದಲು ವಿವರವಾಗಿ ಬರೆದರು. ಆಮೇಲೆ ಎರಡು ದಶಕ ಅಮೆರಿಕದ ದೊಡ್ಡ ದೊಡ್ಡ ವೈದ್ಯರೂ ತಾಯಿಯ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆ ಎಂದು ನಂಬಿದ್ದರು. ಅದು ಸುಳ್ಳೆಂದು ಸಾಬೀತಾಯಿತು. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಪ್ರಕಟವಾದ ಲೇಖನವನ್ನು 2010ರಲ್ಲಿ ಆ ಪತ್ರಿಕೆಯೇ ಹಿಂತೆಗೆದುಕೊಂಡಿತು. ಆಟಿಸಂ ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆಯಲ್ಲಿರುವ ವ್ಯತ್ಯಾಸ, ವಂಶವಾಹಿಗಳ ಪಾತ್ರ ಅದರಲ್ಲಿ ದೊಡ್ಡದು. ಸೊಸೆಯ ಮೇಲೆ ತಪ್ಪು ಹೊರಿಸಿದರೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವಳೇ ಬಾಯಿ ಮುಚ್ಚಿ ಕೂರುತ್ತಾಳೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎರಡು ಏಟು ಕೊಟ್ಟರೆ ಸರಿಹೋಗುತ್ತಾನೆ." ಗಾದೆ ನಿಜ. ಆದರೆ ಗಿಡ ಬಗ್ಗಿಸಬೇಕೆಂದು ಹೇಳಿದವರು ಅದನ್ನು ಮುರಿಯಿರಿ ಎಂದು ಹೇಳಲಿಲ್ಲ. ಕುಕ್ಕರ್ ಸದ್ದಿಗೆ ನಡುಗುವ ಮಗುವಿಗೆ ಏಟು ಕೊಟ್ಟರೆ ಸದ್ದಿನ ಹೆದರಿಕೆಯ ಜೊತೆಗೆ ನಮ್ಮ ಹೆದರಿಕೆಯೂ ಸೇರುತ್ತದೆ.

"ನಜರ್ ಆಗಿದೆ, ಮೊದಲು ತಾವೀಜ್ ಕಟ್ಟಿಸೋಣ." ನನ್ನ ಅತ್ತೆಯವರೂ ಹೀಗೆಂದಿದ್ದರು. ನಾನು ಅವರೊಂದಿಗೆ ಜಗಳವಾಡಲಿಲ್ಲ. ದವಾ ಮತ್ತು ದುಆ ಎರಡೂ ಬೇಕೆಂದು ನಮ್ಮ ಹಿರಿಯರೇ ಹೇಳುತ್ತಾರಲ್ಲವೇ? "ನೀವು ದುಆ ಮಾಡಿ, ನಾನು ಆಸ್ಪತ್ರೆಗೆ ಹೋಗುತ್ತೇನೆ" ಎಂದೆ. ಆಸ್ಪತ್ರೆಗೆ ಹೋದ ದಿನ ಅತ್ತೆಯವರೇ ಬಸ್ಸಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಆದರೆ ಹುಷಾರಾಗಿರಿ. ಮಗುವಿಗೆ ಹೊಗೆ ಹಾಕುತ್ತೇವೆ, ಹೊಡೆದು ಬಿಡಿಸುತ್ತೇವೆ ಎನ್ನುವವರ ಬಳಿಗೆ ಹೋಗಬೇಡಿ. ಹಾಗೆಯೇ ಕೋಟು ಹಾಕಿಕೊಂಡು ಮೋಸ ಮಾಡುವವರೂ ಇದ್ದಾರೆ. ಕಾಂಡಕೋಶ ಚಿಕಿತ್ಸೆಯಿಂದ ಆಟಿಸಂ ವಾಸಿಮಾಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಹೊಲ ಮಾರಿ ಅಂಥಲ್ಲಿಗೆ ಹೋಗಬೇಡಿ.

"ಜನ ಏನೆಂದಾರು? ನಾಳೆ ಅಕ್ಕತಂಗಿಯರ ಮದುವೆಗೆ ತೊಂದರೆ." ಈ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅಡಗಿಸಿಟ್ಟ ಮಗುವನ್ನು ಊರು ನೋಡದೆ ಇರುತ್ತದೆಯೇ? ತರಬೇತಿ ಪಡೆದು ತನ್ನ ಬಟ್ಟೆ ತಾನೇ ಹಾಕಿಕೊಳ್ಳುವ, ಸಲಾಂಗೆ ಉತ್ತರ ಕೊಡುವ ಮಗುವನ್ನು ಕಂಡು ಊರಿನ ಬಾಯಿ ಹೆಚ್ಚು ಬೇಗ ಮುಚ್ಚುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಆ ದಿನ ಇಂಥ ಮಗುವನ್ನು ರಜೆ ಹಾಕಿಸಬೇಡಿ. ಈ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿ.ಇ.ಐ.ಸಿ. ಎಂದು ಕರೆಯುವ ಮಕ್ಕಳ ಕೇಂದ್ರಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. ಹೆಚ್ಚಿನ ತಪಾಸಣೆಗೆ ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಮಾತು ಮತ್ತು ಕಿವಿಯ ತೊಂದರೆಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಮನೆಯಿಂದಲೇ ಕೇಳಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹೋಗುವ ಮುನ್ನ ಒಂದು ನೋಟ್‌ಬುಕ್ ಮಾಡಿ. "ತುಂಬ ತುಂಟ" ಎಂದು ಬರೆಯಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಅದಕ್ಕೆ ಮೊದಲು ಏನು ನಡೆದಿತ್ತು, ಎಷ್ಟು ಹೊತ್ತು ಇತ್ತು ಎಂದು ಬರೆಯಿರಿ. ಓದಲು ಬಾರದ ತಾಯಂದಿರು ದೊಡ್ಡ ಮಕ್ಕಳಿಂದ ಬರೆಸಿ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಡಾಕ್ಟರ ಮುಂದೆ ಮಗು ಎಷ್ಟೋ ಸಲ ಸುಮ್ಮನೆ ಕೂತಿರುತ್ತದೆ. ತಾಯಿ ಕಾರ್ಡು, ಹಳೆಯ ಚೀಟಿಗಳು, ಶಾಲೆಯ ಪುಸ್ತಕಗಳು ಜೊತೆಗಿರಲಿ. ಮಗುವಿನಲ್ಲಿ ಒಳ್ಳೆಯದೇನಿದೆ ಎಂಬುದನ್ನೂ ಬರೆಯಿರಿ. ನಾನು "ಬಸ್ಸಿನ ಬೋರ್ಡು ಓದುತ್ತಾನೆ" ಎಂದು ಬರೆದಿದ್ದೆ. ಮುಂದೆ ಅವನ ತರಬೇತಿ ಅಲ್ಲಿಂದಲೇ ಶುರುವಾಯಿತು.

ನನ್ನ ಮಗನಿಗೆ ಆಟಿಸಂ ಇದೆ ಎಂದು ಹೇಳಿದರು. ಆ ದಿನ ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಇವರು, ಅಂದರೆ ನಮ್ಮ ಯಜಮಾನರು, ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ಕೆಲಸ ಶುರುವಾಯಿತು. ಮುಂದೇನು ಎಂಬುದನ್ನು ಚಿತ್ರಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆವು. ಕುಕ್ಕರ್ ಇಡುವ ಮುನ್ನ ಹೇಳುತ್ತೇವೆ. ಶಾಲೆಯಲ್ಲಿ ಗಂಟೆಯಿಂದ ದೂರದ ಬೆಂಚು ಕೊಟ್ಟರು. ಆಟಿಸಂ ವಾಸಿಯಾಗುವಂಥದ್ದಲ್ಲ, ಅದಕ್ಕೆ ಮಾತ್ರೆಯೂ ಇಲ್ಲ. ಅತಿಚಟುವಟಿಕೆಗೆ ಔಷಧವಿದೆ. ಆದರೆ ಚಿಕ್ಕ ಮಕ್ಕಳಲ್ಲಿ ತಂದೆ-ತಾಯಿಯ ತರಬೇತಿಯೇ ಮೊದಲು. ಔಷಧ ಬೇಕೋ ಬೇಡವೋ ಎಂಬುದು ವೈದ್ಯರಿಗೆ ಬಿಟ್ಟದ್ದು.

ಕಾನೂನೂ ನಮ್ಮ ಜೊತೆಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ ಮತ್ತು ಕಲಿಕಾ ನ್ಯೂನತೆ ಆ ಪಟ್ಟಿಗೆ ಸೇರಿದವು. ಪ್ರಮಾಣಪತ್ರವಿದ್ದ ವಿದ್ಯಾರ್ಥಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿಗಳು ಸಿಗುತ್ತವೆ. ಗ್ಯಾರೇಜಿನ ಆ ಹುಡುಗನನ್ನು ನೆನೆದಾಗಲೆಲ್ಲ ನನಗೆ ಈ ವಿಷಯವೇ ಚುಚ್ಚುತ್ತದೆ.

ಸಂಸ್ಥೆಯ ಹಿರಿಯರಲ್ಲಿ ನನ್ನದು ಮೂರು ಮನವಿ. ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆಯ ಖರ್ಚು ಹೆಚ್ಚಿಲ್ಲ, ಬಡವರಿಗೆ ಬಸ್ ಚಾರ್ಜು ಮತ್ತು ತಪ್ಪಿದ ಕೂಲಿಯೇ ಭಾರ. ವಿದ್ಯಾರ್ಥಿವೇತನದ ನಿಧಿಯಲ್ಲಿ ಸ್ವಲ್ಪ ಭಾಗವನ್ನು ಇದಕ್ಕಾಗಿ ಎತ್ತಿಡಿ. ಎರಡನೆಯದಾಗಿ, ಮಗುವಿನ ಜೊತೆ ಹೋಗಿ ಭಾಷೆ ಬಿಡಿಸಿ ಹೇಳುವ ಶಿಕ್ಷಕರಿಗೆ ಆ ದಿನ ರಜೆ ಕೊಡಿ. ಮೂರನೆಯದಾಗಿ, ಪ್ರಗತಿ ಪತ್ರದಲ್ಲಿ "ಶಿಸ್ತು ಇಲ್ಲ" ಎಂದು ಬರೆಯುವ ಮುನ್ನ ಆ ಮಗುವಿನ ಪಾಲಕರನ್ನು ಕರೆಸಿ ಒಂದು ಸಲ ಮಾತಾಡಬೇಕೆಂಬ ನಿಯಮ ಮಾಡಿ. ಶಿಕ್ಷಕ ಬಂಧುಗಳೇ, "ನಿಮ್ಮ ಮಗನಿಗೆ ಆಟಿಸಂ ಇದೆ" ಎಂದು ನಾವು ಹೇಳಬಾರದು, ಅದು ನಮ್ಮ ಕೆಲಸವಲ್ಲ. "ನಾನು ಇದನ್ನು ಗಮನಿಸಿದ್ದೇನೆ, ಒಮ್ಮೆ ತೋರಿಸೋಣ, ನಾನೂ ಬರುತ್ತೇನೆ" ಎಂದು ಹೇಳುವುದು ನಮ್ಮ ಕೆಲಸ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ವಿಚಿತ್ರವಾಗಿ ಮಾತಾಡುವ, ಒಂಟಿಯಾಗಿ ಕೂರುವ ಹುಡುಗನೋ ಹುಡುಗಿಯೋ ಇರಬಹುದು. ಅವರ ಹಾಗೆ ನಟಿಸಿ ನಗಬೇಡಿ. ಅವರನ್ನು ಅವರ ಹೆಸರಿನಿಂದಲೇ ಕರೆಯಿರಿ. ನನ್ನ ಮಗ ಈಗ ನಾಲ್ಕನೆಯ ತರಗತಿ. ಅವನಿಗೆ ಒಬ್ಬನೇ ಒಬ್ಬ ಗೆಳೆಯನಿದ್ದಾನೆ. ಆ ಗೆಳೆಯ ಮಾಡಿದ್ದು ಇಷ್ಟೇ: ಒಂದು ದಿನ ಬಿಡುವಿನಲ್ಲಿ ಬಂದು, "ಸವಣೂರು ಬಸ್ ಎಷ್ಟು ಗಂಟೆಗೆ?" ಎಂದು ಕೇಳಿದ. ನನ್ನ ಮಗ ಹೇಳಿದ. ಮರುದಿನವೂ ಬಂದು ಕೇಳಿದ. ಈಗ ಇಬ್ಬರೂ ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ, ನಾನು ದೂರದಲ್ಲಿ ಕುಳಿತಿರುತ್ತೇನೆ.

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಈ ಮಾತು ಕೇಳುವಾಗ ಒಂದು ಮಗುವಿನ ಮುಖ ನೆನಪಿಗೆ ಬಂದಿದ್ದರೆ, ದಯವಿಟ್ಟು ಇವತ್ತು ರಾತ್ರಿಯೇ ಆ ನೋಟ್‌ಬುಕ್ಕಿನ ಮೊದಲ ಪುಟ ಬರೆಯಿರಿ.